ಸೋತವರ ಊರಿನ ಪತ್ರಿಕೆ ಹಿಡಿದು ಪ್ಲೇಡೌನ್ ಪಟ್ಟಿ ಕಟ್ಟಿದ್ದು: ನನ್ನ ಅನುಭವ

ಕೊನೆಗೂ ಪಟ್ಟಿ ಎದ್ದು ನಿಂತಿತು. ಎರಡನೇ ಮಹಾಯುದ್ಧದ ಆರು ಸೀಸನ್, 1939-40ರಿಂದ 1944-45ರವರೆಗೆ, ಕೆನಡಾದ ಪಶ್ಚಿಮ ಭಾಗದ ಜೂನಿಯರ್ ಹುಡುಗರ ಬ್ಯಾಸ್ಕೆಟ್‌ಬಾಲ್ ಪ್ಲೇಆಫ್‌ಗಳು, ಅಂದರೆ ಸೋತವರು ಹೊರಬೀಳುವ ಸೀಸನ್ ಕೊನೆಯ ಸುತ್ತುಗಳು. ಯಾರ ಮೇಲೆ ಯಾರು, ಯಾವ ಊರಲ್ಲಿ, ಯಾವತ್ತು, ಎಷ್ಟಕ್ಕೆ ಎಷ್ಟು. ನನ್ನ ಶೀಟಿನಲ್ಲಿ ಸುಮಾರು 140 ಚೌಕ ಇವೆ. ಶುರು ಮಾಡಿದಾಗ ತುಂಬಿದ್ದು ಮೂವತ್ತು ಇರಬಹುದು. ಈಗ ಖಾಲಿ ಉಳಿದಿರುವುದು ಹದಿನೈದೋ ಹದಿನಾರೋ. ನಾಲ್ಕು ವರ್ಷ ಹಿಡಿಯಿತು, ಅದೂ ರಜಾ ದಿನಗಳಲ್ಲಿ ಮಾತ್ರ ಕೂತು.

"ಸಿಗಲ್ಲ ಬಿಡು" ಅಂದವರೇ ಜಾಸ್ತಿ. ಇಲ್ಲಿ ವ್ಯಾಂಕೂವರ್ ಕಡೆ ಹಳೇ ಆಟಗಳ ಸ್ಕೋರ್ ಕೂಡಿಸುವ ನಮ್ಮದೊಂದು ಸಣ್ಣ ಗುಂಪಿದೆ. ಅದರಲ್ಲಿ ಮೂವತ್ತು ವರ್ಷ ಇದೇ ಕೆಲಸ ಮಾಡಿದ ಹಿರಿಯರೊಬ್ಬರು ಕಡ್ಡಿ ಮುರಿದಂತೆ ಹೇಳಿದ್ದರು. ಸೀನಿಯರ್ ಆದರೆ ಸಿಗುತ್ತದೆ, ಯುದ್ಧದ ಕಾಲದ ಜೂನಿಯರ್ ದಾಖಲೆ ಹೋಯಿತು ಅಂತಲೇ ಅಂದುಕೋ ಅಂತ. ಮನೆಯಲ್ಲಿ ನನ್ನ ಹೆಂಡತಿ, "ರೀ, ಎಂಬತ್ತು ವರ್ಷದ ಹಿಂದೆ ಆ ಹುಡುಗರು ಗೆದ್ದರೋ ಸೋತರೋ, ನಿಮಗ್ಯಾಕ್ರೀ?" ಅಂದಳು. ನನಗೆ ಬೇಕಿತ್ತು. ನಾನೂ ಮಲ್ಲೇಶ್ವರದ ಸಿಮೆಂಟ್ ಕೋರ್ಟಿನಲ್ಲಿ ಜೂನಿಯರ್ ಆಡಿದವನು. ನಾವು ಆಡಿದ ಪಂದ್ಯಗಳ ಒಂದು ಸ್ಕೋರ್ ಹಾಳೆಯೂ ಇವತ್ತು ಉಳಿದಿಲ್ಲ. ಅದು ಈಗಲೂ ನೋಯುತ್ತದೆ.

ಮೊದಲ ಒಂದೂವರೆ ವರ್ಷ ಎಲ್ಲರೂ ಮಾಡುವ ಹಾಗೇ ಮಾಡಿದೆ. ಚಾಂಪಿಯನ್ ಯಾರು ಅಂತ ಹಿಡಿದು, ಅವರ ಊರಿನ ಪತ್ರಿಕೆ ತೆಗೆದು, ಮೇಲಿನಿಂದ ಕೆಳಗೆ ಇಳಿಯುವುದು. ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯಿತು. ದುಡ್ಡಿನ ಲೆಕ್ಕ ಹೇಳಿಬಿಡುತ್ತೇನೆ, ಹೊಸದಾಗಿ ಇಳಿಯುವವರಿಗೆ ಉಪಯೋಗಕ್ಕೆ ಬರಬಹುದು. ಹಳೇ ಪತ್ರಿಕೆಗಳ ಎರಡು ತಾಣಗಳಿಗೆ ಚಂದಾ, ವರ್ಷಕ್ಕೆ ಸುಮಾರು 350 ಡಾಲರ್. ದೂರದ ಊರಿನ ಪತ್ರಿಕೆಯ ಮೈಕ್ರೋಫಿಲ್ಮ್ ರೀಲ್ ನೋಡಿ ನಕಲು ಕಳಿಸುತ್ತೇನೆ ಎಂದ ಒಬ್ಬರಿಗೆ 400 ಡಾಲರ್ ಮುಂಗಡ ಕೊಟ್ಟೆ. ಬಂದಿದ್ದು ಹನ್ನೊಂದು ಪುಟ, ಅದರಲ್ಲಿ ಒಂಬತ್ತು ಐಸ್ ಹಾಕಿ ಆಟದ್ದು. ಕಾರು ಸಮೇತ ಫೆರ್ರಿ ಹತ್ತಿ ವಿಕ್ಟೋರಿಯಾಕ್ಕೆ ಏಳೆಂಟು ಸಲ ಹೋಗಿ ಬಂದೆ. ಬೇರೆ ಲೈಬ್ರರಿಗಳಿಂದ ತರಿಸಿದ ರೀಲುಗಳು ನಲವತ್ತು ದಾಟಿರಬೇಕು. ಎಲ್ಲ ಸೇರಿ 2,800 ಡಾಲರ್ ಆಸುಪಾಸು, ಅರ್ಧಕ್ಕೆ ಅರ್ಧ ದಂಡ. ವಿಕ್ಟೋರಿಯಾದ ಡೈಲಿ ಕಾಲನಿಸ್ಟ್ ಮತ್ತು ವಿನಿಪೆಗ್ ಟ್ರಿಬ್ಯೂನ್ ಎರಡೂ ಬಿಟ್ಟಿಯಾಗಿಯೇ ಆನ್‌ಲೈನ್‌ನಲ್ಲಿ ಸಿಗುತ್ತವೆ. ಗೂಗಲ್‌ನ ಹಳೇ ಪತ್ರಿಕೆಗಳ ಸಂಗ್ರಹವೂ ಇದೆ, ಆದರೆ ಅಲ್ಲಿ ಪದ ಹಾಕಿ ಹುಡುಕುವುದನ್ನು ನಂಬಬೇಡಿ, ಒಂದೊಂದೇ ಪುಟ ತಿರುಗಿಸಬೇಕು. ಮೊದಲು ಇವನ್ನು ಮುಗಿಸಿ, ಆಮೇಲೆ ಜೇಬಿಗೆ ಕೈ ಹಾಕಿ.

ಹುಡುಕಾಟ ಸೋತಿದ್ದಕ್ಕೆ ಮೊದಲ ಕಾರಣ ಪದಗಳು. ನಾನು 'ಬ್ಯಾಸ್ಕೆಟ್‌ಬಾಲ್', 'ಪ್ಲೇಆಫ್' ಅಂತ ಹಾಕುತ್ತಿದ್ದೆ. ಆ ಕಾಲದ ಕ್ರೀಡಾ ವರದಿಗಾರರು ಹಾಗೆ ಬರೆಯುತ್ತಲೇ ಇರಲಿಲ್ಲ. ಕೆನಡಾದಲ್ಲಿ ಅದು 'ಪ್ಲೇಡೌನ್'. ಆಟಗಾರರು 'ಕೇಜರ್ಸ್', ಯಾಕೆಂದರೆ ಶುರುವಿನ ಕಾಲದಲ್ಲಿ ಕೋರ್ಟಿನ ಸುತ್ತ ಬಲೆಯ ಪಂಜರ ಕಟ್ಟಿ ಆಡುತ್ತಿದ್ದರು. ಆಟ 'ಹೂಪ್ಲಾ', ತಂಡ 'ಕ್ವಿಂಟೆಟ್', ಚೆಂಡು 'ಕಸಾಬಾ'. ಕಸಾಬಾ ಅಂದರೆ ಕರಬೂಜದ ಒಂದು ಜಾತಿ! ಈ ಪದಗಳನ್ನು ಹಾಕಿದ ಮೊದಲ ವಾರವೇ ಇಪ್ಪತ್ತಕ್ಕೂ ಜಾಸ್ತಿ ಪಂದ್ಯ ಸಿಕ್ಕವು. ನನ್ನ ಪೂರ್ತಿ ಪಟ್ಟಿಯಲ್ಲಿ ಇನ್ನೂ ಹತ್ತಿಪ್ಪತ್ತು ಪದಗಳಿವೆ, ಹಳೇ ಅಚ್ಚನ್ನು ಕಂಪ್ಯೂಟರ್ ತಪ್ಪಾಗಿ ಓದಿದಾಗ ಆಗುವ ರೂಪಗಳೂ ಸೇರಿ. ಅದನ್ನು ಸದ್ಯಕ್ಕೆ ನನ್ನ ಹತ್ತಿರವೇ ಇಟ್ಟುಕೊಳ್ಳುತ್ತೇನೆ.

ಎರಡನೇ ಕಾರಣವೇ ದೊಡ್ಡದು. ಗೆದ್ದ ಊರಿನ ಪತ್ರಿಕೆ ಮುಂದಕ್ಕೆ ನೋಡುತ್ತದೆ. ಮುಂದಿನ ಸುತ್ತಲ್ಲಿ ಯಾರು ಎದುರಾಳಿ, ಯಾವ ರೈಲಿಗೆ ಹೊರಡುತ್ತಾರೆ, ಇಷ್ಟೇ. ಮುಗಿದ ಪಂದ್ಯಕ್ಕೆ ಎರಡು ಸಾಲು. ಸೋತ ಊರಿನವರಿಗೆ ಬರೆಯಲು ಅದೊಂದೇ ಉಳಿದಿರುತ್ತದೆ, ಅಲ್ವಾ? ಅಲ್ಲಿ ಪೂರ್ತಿ ಸ್ಕೋರ್, ಯಾರಿಗೆ ಪೆಟ್ಟಾಯಿತು, ಮೊದಲ ಪಂದ್ಯಕ್ಕೂ ಎರಡನೇ ಪಂದ್ಯಕ್ಕೂ ನಡುವೆ ಯಾರು ಸೇನೆ ಸೇರಿದರು, ಎಲ್ಲ ಇರುತ್ತದೆ. ಹಾಗಾಗಿ ಪಟ್ಟಿಯನ್ನು ತಲೆಕೆಳಗು ಮಾಡಿದೆ. ಪ್ರತಿ ಸುತ್ತಿನಲ್ಲಿ ಸೋತವರು ಯಾರು ಅಂತ ಮೊದಲು ಹಿಡಿದು, ಆ ಊರಿನ ಪತ್ರಿಕೆಯಲ್ಲಿ ಫೆಬ್ರವರಿ ಮಧ್ಯದಿಂದ ಏಪ್ರಿಲ್ ಕೊನೆವರೆಗೆ ದಿನಕ್ಕೊಂದರಂತೆ ಓದಿದೆ. ನಿಧಾನವೇ, ಆದರೆ ಕೈ ಬಿಡಲಿಲ್ಲ.

ಹೀಗೆ ಓದುವಾಗಲೇ ಇನ್ನೊಂದು ವಿಷಯ ಹೊಳೆಯಿತು. ನಮ್ಮ ಗುಂಪಿನವರು ಇದನ್ನು ಇವತ್ತಿಗೂ ಪೂರ್ತಿ ಒಪ್ಪಿಲ್ಲ, ನಾನಂತೂ ಗಟ್ಟಿಯಾಗಿ ಹೇಳುತ್ತೇನೆ. ಖಾಲಿ ಇದ್ದ ಚೌಕಗಳಲ್ಲಿ ತುಂಬಾ ಪಂದ್ಯಗಳು ಕಳೆದುಹೋದವಲ್ಲ, ನಡೆಯಲೇ ಇಲ್ಲ. 1942ರ ಏಪ್ರಿಲ್‌ನಿಂದ ಕೆನಡಾದಲ್ಲಿ ಪೆಟ್ರೋಲಿಗೆ ಕೂಪನ್ ಬಂತು, ಟೈರ್ ಸಿಗುವುದೂ ಕಷ್ಟವಾಯಿತು. ಅಂದರೆ ಅದರ ಪೂರ್ತಿ ಪೆಟ್ಟು ಬಿದ್ದ ಮೊದಲ ಪ್ಲೇಡೌನ್ 1943ರ ವಸಂತದ್ದು. ನಾಲ್ಕು ಕಾರಿನಲ್ಲಿ ಹುಡುಗರನ್ನು ತುಂಬಿಕೊಂಡು ಪಕ್ಕದ ಊರಿಗೆ ಹೋಗುವ ಕಾಲ ಅಲ್ಲಿಗೆ ಮುಗಿಯಿತು. ರೈಲುಗಳ ತುಂಬ ಸೈನಿಕರು. ಆಡುವ ಜಾಗಕ್ಕೂ ಕೊರತೆ. ಆ ಕಾಲದ ಅತಿ ದೊಡ್ಡ ಹೆಂಗಸರ ತಂಡ ಎಡ್ಮಂಟನ್ ಗ್ರಾಡ್ಸ್ 1940ರಲ್ಲಿ ನಿಂತುಹೋಯಿತು, ಅವರು ಆಡುತ್ತಿದ್ದ ಅರೀನಾವನ್ನು ವಾಯುಪಡೆ ತೆಗೆದುಕೊಂಡಿತ್ತು. ಅಂಥವರ ಗತಿಯೇ ಹೀಗಾದರೆ ಹದಿನೆಂಟು ವರ್ಷದ ಹುಡುಗರ ತಂಡವನ್ನು ಕೇಳುವವರು ಯಾರು? ಬರಲಾಗದ ತಂಡ 'ಡಿಫಾಲ್ಟ್' ಅಂತ ಬಿಟ್ಟುಕೊಡುತ್ತಿತ್ತು. ಎದುರಿನವರು ಆಡದೆಯೇ ಮೇಲಕ್ಕೆ. ಆ ಸುದ್ದಿ ಕ್ರೀಡಾ ಪುಟದ ತಲೆಬರಹದಲ್ಲಿ ಬರುವುದಿಲ್ಲ, ಯಾವುದೋ ಸಭೆಯ ವರದಿಯ ಕೊನೆಯ ಸಾಲಿನಲ್ಲಿ ಇರುತ್ತದೆ. ನನ್ನ ಶೀಟಿನಲ್ಲಿ ಡಿಫಾಲ್ಟಿಗೆ ಬೇರೆ ಬಣ್ಣ. ಅದೂ ಒಂದು ಫಲಿತಾಂಶವೇ, ಖಾಲಿ ಚೌಕ ಅಲ್ಲ.

ತಾಳೆ ನೋಡುವುದು ಹೇಗೆ ಅಂತ ಕೇಳಿದವರಿಗೆ ಎರಡು ಮಾತು. ಮೊದಲನೆಯದು ಸ್ಕೋರ್. ಹೆಸರುಗಳ ಮುಂದಿರುವ ಪಾಯಿಂಟುಗಳನ್ನು ಕೂಡಿ, ಮೊತ್ತಕ್ಕೆ ಹೊಂದಬೇಕು. ಹೊಂದದಿದ್ದರೆ ಹತ್ತರಲ್ಲಿ ಏಳು ಸಲ 3 ಮತ್ತು 8ರ ಗೊಂದಲ. ಎರಡನೆಯದು ತಾರೀಖು. 'ನಿನ್ನೆ ರಾತ್ರಿ' ಅಂತ ಬರೆದಿದ್ದರೆ ಅದು ಬೆಳಗಿನ ಪತ್ರಿಕೆಯೋ ಸಂಜೆಯದೋ ನೋಡಿ. ಡೈಲಿ ಕಾಲನಿಸ್ಟ್ ಬೆಳಗಿನದು, ಸೋಮವಾರ ಬರುತ್ತಿರಲಿಲ್ಲ. ಸಂಜೆ ಪತ್ರಿಕೆಗಳಲ್ಲಿ ಶನಿವಾರ ರಾತ್ರಿಯ ಪಂದ್ಯ ಸೋಮವಾರ ಬರುತ್ತದೆ, ನಾವು ಭಾನುವಾರ ಅಂತ ಬರೆದುಕೊಂಡುಬಿಡುತ್ತೇವೆ. ಕೆನಡಾದಲ್ಲಿ 1906ರ ಲಾರ್ಡ್ಸ್ ಡೇ ಕಾಯ್ದೆ ಇತ್ತು, ಭಾನುವಾರ ಟಿಕೆಟ್ ಇಟ್ಟು ಆಟ ಆಡಿಸುವ ಹಾಗಿರಲಿಲ್ಲ. ನನ್ನ ಶೀಟಿನಲ್ಲಿ ಭಾನುವಾರ ಬಿದ್ದ ಹದಿಮೂರು ಪಂದ್ಯಗಳನ್ನೂ ಮತ್ತೆ ನೋಡಿದೆ. ಹದಿಮೂರೂ ತಪ್ಪು. ಈ ಪರೀಕ್ಷೆ ನಾನೇ ಕಂಡುಕೊಂಡಿದ್ದು, ಈಗ ನಮ್ಮ ಗುಂಪಿನಲ್ಲಿ ಎಲ್ಲರೂ ಬಳಸುತ್ತಾರೆ.

ಎರಡು ಪಂದ್ಯಗಳ ಒಟ್ಟು ಪಾಯಿಂಟಿನ ಸರಣಿಗಳಲ್ಲಿ ನಾನು ತುಂಬಾ ಎಡವಿದೆ. ಮೊದಲನೆಯದು 38-29ಕ್ಕೆ ಗೆದ್ದು, ಎರಡನೆಯದು 31-36ಕ್ಕೆ ಸೋತರು ಅಂದುಕೊಳ್ಳಿ. ಒಟ್ಟು 69-65, ಅವರೇ ಮುಂದಕ್ಕೆ. ಎರಡನೇ ಪಂದ್ಯದ ವರದಿ ಮಾತ್ರ ಸಿಕ್ಕಾಗ ನಾನು ಸೋತವರು ಅಂತ ಬರೆದಿಟ್ಟೆ. ಹಾಗೆ ಬರೆದು ಒಂದು ಸೀಸನ್ನಿನ ಕೆಳಭಾಗವನ್ನೆಲ್ಲ ಕೆಡಿಸಿದ್ದೆ. ಸರಿಮಾಡಲು ಮೂರು ತಿಂಗಳು ಹೋಯಿತು.

ನಡುವೆ ಬೇರೆ ದಾರಿಗೂ ಹೋದೆ. ಅಮೆರಿಕದ ಕಾಲೇಜುಗಳಲ್ಲಿ 1944-45ರಲ್ಲಿ ನಾಲ್ಕು ಫೌಲ್ ಬದಲು ಐದಕ್ಕೆ ಆಟಗಾರ ಹೊರಗೆ ಅಂತ ಆಯಿತು. ಇಲ್ಲಿನ ಜೂನಿಯರ್ ಪಂದ್ಯಗಳಿಗೆ ಅದು ಯಾವಾಗ ಬಂತು ಅಂತ ಸ್ಕೋರ್ ಪಟ್ಟಿಗಳಿಂದಲೇ ಹಿಡಿಯಲು ನೋಡಿದೆ. ಫೌಲ್ ಲೆಕ್ಕ ಅಚ್ಚು ಮಾಡಿದ ಪತ್ರಿಕೆಗಳು ಕಡಿಮೆ, ಕೆಲಸ ಅರ್ಧಕ್ಕೆ ನಿಂತಿದೆ. ಇನ್ನೊಂದು, ವಯಸ್ಸಿನ ವಿಷಯ. ದೊಡ್ಡವರು ಸಮವಸ್ತ್ರ ಹಾಕಿದ ಮೇಲೆ ಒಳ್ಳೆಯ ಹುಡುಗರು ಬೇಗ ಮೇಲಕ್ಕೆ ಹೋದರು. ನಾರ್ಮ್ ಬೇಕರ್ ಹುಟ್ಟಿದ್ದು 1923ರಲ್ಲಿ, 1943ರಲ್ಲಿ ಪ್ಯಾಟ್ರಿಷಿಯಾ ಬೇ ವಾಯುಪಡೆ ನೆಲೆಯ ತಂಡದ ಪರ ಆಡಿ ಸೀನಿಯರ್ ಚಾಂಪಿಯನ್ ಆದರು. 1950ರಲ್ಲಿ ಅವರನ್ನು ಕೆನಡಾದ ಅರ್ಧ ಶತಮಾನದ ಶ್ರೇಷ್ಠ ಬ್ಯಾಸ್ಕೆಟ್‌ಬಾಲ್ ಆಟಗಾರ ಅಂತ ಆರಿಸಿದರು. ಹೀಗೆ ಮೇಲಕ್ಕೆ ಹೋದ ಹುಡುಗರ ಹೆಸರನ್ನು ಸೀಸನ್ನಿನ ನಡುವೆ ಜೂನಿಯರ್ ಪಟ್ಟಿಯಲ್ಲಿ ಹುಡುಕಿದರೆ ಸಿಗುವುದಿಲ್ಲ. ಮೊದಮೊದಲು ನಾನು ಅದನ್ನು ಅಚ್ಚಿನ ತಪ್ಪು ಅಂದುಕೊಂಡಿದ್ದೆ.

ಕೆಲವು ಹೆಸರುಗಳು ಮಾತ್ರ ಮುಂದೆ ಕ್ರೀಡಾ ಪುಟದಲ್ಲಿ ಅಲ್ಲ, ಮೊದಲ ಪುಟದಲ್ಲಿ, ಸತ್ತವರ ಮತ್ತು ಕಾಣೆಯಾದವರ ಪಟ್ಟಿಯಲ್ಲಿ ಸಿಕ್ಕವು. ಮಾರ್ಚ್‌ನಲ್ಲಿ ಎಂಟು ಪಾಯಿಂಟ್ ಹೊಡೆದ ಹುಡುಗ, ಎರಡು ವರ್ಷ ಬಿಟ್ಟು ಅಲ್ಲಿ. ಅಂಥ ದಿನ ರೀಲ್ ಅಲ್ಲಿಗೇ ನಿಲ್ಲಿಸಿ ಮನೆಗೆ ಬಂದಿದ್ದೇನೆ. ಅವರ ಹೆಸರನ್ನು ಯಾವ ಚೌಕದಲ್ಲೂ ತಪ್ಪಾಗಿ ಬರೆಯಬಾರದು ಅಂತ ಮೂರು ಸಲ ಓದಿ ಬರೆಯುತ್ತೇನೆ.

ಆ ಹಿರಿಯರಿಗೆ ಹೋದ ತಿಂಗಳು ಶೀಟ್ ಕಳಿಸಿದೆ. ಒಂದು ವಾರ ಮಾತಿಲ್ಲ. ಆಮೇಲೆ 1941ರ ಒಂದು ಪಂದ್ಯದ ತಾರೀಖು ತಪ್ಪಿದೆ ಅಂತ ಬರೆದು, ಜೊತೆಗೆ ತಮ್ಮ ಮನೆಯಲ್ಲಿದ್ದ ಎರಡು ಡಬ್ಬ ತುಂಬ ಕತ್ತರಿಸಿಟ್ಟ ಪತ್ರಿಕೆ ಚೂರುಗಳನ್ನು ಕೊಟ್ಟರು. ತಾರೀಖು ನೋಡಿದೆ, ಅವರೇ ಸರಿ. ಮೊದಲ ಡಬ್ಬ ಅರ್ಧ ಆಗಿದೆ, ಆಗಲೇ ಎರಡು ಚೌಕ ತುಂಬಿದವು.