ಮೇಘಾಲಯದ ಆಳದ ಗುಹೆಗಳಿಗೆ ಇಳಿಯುವ ಮುನ್ನ

ಖಾಸಿ ಭಾಷೆಯಲ್ಲಿ ಗುಹೆಗೆ ‘ಕ್ರೆಮ್’ ಅನ್ನುತ್ತಾರೆ. ಜೈಂತಿಯಾ ಬೆಟ್ಟಗಳ ಸುಣ್ಣಕಲ್ಲಿನಲ್ಲಿರುವ ಕ್ರೆಮ್ ಲಿಯಾಟ್ ಪ್ರಾ 30 ಕಿ.ಮೀ.ಗೂ ಉದ್ದ. ಮಾಸಿನ್‌ರಾಮ್ ಬಳಿಯ ಕ್ರೆಮ್ ಪುರಿ ಮರಳುಗಲ್ಲಿನದು, 24 ಕಿ.ಮೀ. ದಾಟುತ್ತದೆ. ಇವನ್ನು ಕೊರೆದದ್ದು ನೀರು, ಆ ನೀರು ಇನ್ನೂ ಬಂದುಹೋಗುತ್ತಲೇ ಇದೆ. ಹಾಗಾಗಿ ಹಗ್ಗ, ಹೆಲ್ಮೆಟ್ಟಿಗಿಂತ ಮೊದಲು ಕ್ಯಾಲೆಂಡರ್ ನೋಡಿ. ನವೆಂಬರ್‌ನಿಂದ ಮಾರ್ಚ್ ಮೊದಲ ವಾರಗಳವರೆಗೆ ಹೋಗಬಹುದು, ಫೆಬ್ರುವರಿ ಎಲ್ಲಕ್ಕಿಂತ ಒಳ್ಳೆಯದು. ಮಾಸಿನ್‌ರಾಮ್ ಕಡೆ ವರ್ಷಕ್ಕೆ 11,000 ಮಿ.ಮೀ.ಗೂ ಹೆಚ್ಚು ಮಳೆ ಬೀಳುತ್ತದೆ. ಗುಹೆಯ ಬಾಯಿಯ ಹತ್ತಿರ ಬಿಸಿಲಿದ್ದರೂ ದೂರದ ಗುಡ್ಡದಲ್ಲಿ ಬಿದ್ದ ಮಳೆ ಒಳಗೆ ನುಗ್ಗಿ ಬರುತ್ತದೆ.

ಎರಡನೆಯ ಕೆಲಸ ಊರಿನವರ ಜೊತೆ ಮಾತು. ಅಲ್ಲಿ ನೆಲದ ಬಹುಪಾಲು ಸರ್ಕಾರದ್ದಲ್ಲ, ಕುಲಗಳದ್ದು ಮತ್ತು ಊರುಗಳದ್ದು. ಖಾಸಿ ಹಳ್ಳಿಯ ಮುಖ್ಯಸ್ಥರಾದ ರಂಗಬಾ ಶ್ನೋಂಗ್ ಅವರ ಒಪ್ಪಿಗೆ ಇಲ್ಲದೆ ಗುಹೆಯ ಬಾಯಿಗೂ ಹೋಗಬೇಡಿ. ಭಾನುವಾರ ಚರ್ಚಿನ ದಿನ, ಅಂದು ಯಾರನ್ನೂ ಕೆಲಸಕ್ಕೆ ಕರೆಯಬೇಡಿ. ‘ಖುಬ್ಲೈ’ ಅನ್ನುವ ಒಂದು ಪದ ಕಲಿತಿದ್ದರೆ ನಮಸ್ಕಾರಕ್ಕೂ ಧನ್ಯವಾದಕ್ಕೂ ಆಗುತ್ತದೆ. ಶಿಲ್ಲಾಂಗ್‌ನ ಮೇಘಾಲಯ ಅಡ್ವೆಂಚರರ್ಸ್ ಅಸೋಸಿಯೇಷನ್‌ನವರು 1990ರ ದಶಕದಿಂದ ಹೊರದೇಶದ ಗುಹೆ ಶೋಧಕರ ಜೊತೆ ಸೇರಿ ಈ ಗುಹೆಗಳ ನಕ್ಷೆ ಮಾಡುತ್ತಾ ಬಂದಿದ್ದಾರೆ. ತಿಂಗಳುಗಳ ಮೊದಲೇ ಬರೆದು, ನಿಮ್ಮ ಅನುಭವ ಎಷ್ಟು ಅನ್ನುವುದನ್ನು ಇದ್ದದ್ದು ಇದ್ದಂತೆ ತಿಳಿಸಿ. ಹಗ್ಗ ಬೇಡದ ಗುಹೆಯಿಂದ ಶುರುಮಾಡಿ ಅಂದರೆ ಅವರ ಮಾತು ಕೇಳಿ. ಒಂದು ಎಚ್ಚರ: ಬಾಯಿ ತೋರಿಸಬಲ್ಲ ರೈತನಿಗೆ ಒಳಗಿನ ದಾರಿಯೂ ಗೊತ್ತಿರುತ್ತದೆ ಎಂದೇನಿಲ್ಲ. ಎಷ್ಟು ದೂರ ಹೋಗಿದ್ದೀರಿ, ಮಳೆಗಾಲದಲ್ಲಿ ನೀರು ಎಲ್ಲಿಯವರೆಗೆ ಏರುತ್ತದೆ ಎಂದು ಬಿಡಿಸಿ ಕೇಳಿ. ಕಲ್ಲಿದ್ದಲು ತೆಗೆದು ಬಿಟ್ಟ ಇಲಿಬಿಲದಂಥ ಗಣಿಗಳು ಗುಹೆಗಳಲ್ಲ. ಅವು ಕುಸಿಯುತ್ತವೆ, ನೀರು ತುಂಬುತ್ತವೆ. ಅವುಗಳೊಳಗೆ ಕಾಲಿಡಲೇಬೇಡಿ.

ಕಡಿಮೆ ಎಂದರೂ ನಾಲ್ಕು ಜನ ಇರಬೇಕು. ಒಬ್ಬರಿಗೆ ಪೆಟ್ಟಾದರೆ ಒಬ್ಬರು ಜೊತೆಗೆ ಉಳಿಯುತ್ತಾರೆ, ಇಬ್ಬರು ಹೊರಗೆ ಹೋಗುತ್ತಾರೆ. ಹೊರಗೊಬ್ಬ ಕಾವಲಿನವರು ಬೇಕು. ಹಳ್ಳಿಯಲ್ಲಿ ಸಿಗ್ನಲ್ ಇಲ್ಲದೆ ಇರಬಹುದು, ಆದ್ದರಿಂದ ಬೆಂಗಳೂರಿನ ಗೆಳೆಯನಿಗಿಂತ ಅದೇ ಊರಿನವರೇ ಒಳ್ಳೆಯದು. ಚೀಟಿಯಲ್ಲಿ ಬರೆದು ಕೊಡಿ: ಯಾವ ಗುಹೆ, ಯಾವ ಬಾಯಿ, ಎಷ್ಟು ಜನ, ಸಂಜೆ 4ಕ್ಕೆ ಬರುತ್ತೇವೆ, 7 ದಾಟಿದರೆ ಯಾರಿಗೆ ತಿಳಿಸಬೇಕು. ಒಳಗೆ ತಿರುಗಿ ಹೊರಡುವ ಗಂಟೆಯನ್ನೂ ಮೊದಲೇ ನಿಗದಿ ಮಾಡಿ. ಇಳಿಯಲು ಬೇಕಾದದ್ದಕ್ಕಿಂತ ಹತ್ತಿ ಬರಲು ಹೆಚ್ಚು ಹೊತ್ತು ಬೇಕು, ಅದೂ ದಣಿದ ಮೈಯಲ್ಲಿ. ಪ್ರತಿ ಕವಲಿನಲ್ಲೂ ನಿಂತು ಹಿಂದಕ್ಕೆ ತಿರುಗಿ ನೋಡಿ, ಮರಳುವಾಗ ಕಾಣುವುದು ಆ ಮುಖವೇ. ಗೋಡೆಗೆ ಬಣ್ಣ ಬಳಿಯಬೇಡಿ. ಗುರುತಿಗೆ ಟೇಪ್ ಕಟ್ಟಿದರೆ ಬರುವಾಗ ಬಿಚ್ಚಿಕೊಂಡು ಬನ್ನಿ.

ಒಬ್ಬೊಬ್ಬರಿಗೂ ಮೂರು ಬೆಳಕು: ಹೆಲ್ಮೆಟ್ಟಿನ ಮೇಲೊಂದು ಮುಖ್ಯ ದೀಪ, ಇನ್ನೆರಡು ಬಿಡಿ, ಜೊತೆಗೆ ಹೆಚ್ಚುವರಿ ಬ್ಯಾಟರಿ. ಮೊಬೈಲ್ ಟಾರ್ಚ್ ಲೆಕ್ಕಕ್ಕಿಲ್ಲ. ಜೀನ್ಸ್, ಹತ್ತಿ ಬನಿಯನ್ ಬೇಡ. ನೆನೆದರೆ ಒಣಗದೆ ಮೈಯ ಬಿಸಿ ಹೀರುತ್ತವೆ. ಸಿಂಥೆಟಿಕ್ ಅಥವಾ ಉಣ್ಣೆಯದನ್ನು ಹಾಕಿ. ನೀರು ಹೋಗದ ಚೀಲದಲ್ಲಿ ಫಾಯಿಲ್ ಹೊದಿಕೆ, ಪ್ರಥಮ ಚಿಕಿತ್ಸೆ, ಒಂದು ಹೊತ್ತಿನ ಹೆಚ್ಚುವರಿ ತಿಂಡಿ ಇರಲಿ.

ಬಾದಾಮಿ, ರಾಮನಗರದ ಬಂಡೆ ಹತ್ತಿದವರು ಎಡವುವುದು ಹಗ್ಗದಲ್ಲೇ. ಬಂಡೆ ಹತ್ತುವ ಡೈನಮಿಕ್ ಹಗ್ಗ ಜಗ್ಗುತ್ತದೆ. ಅದರ ಮೇಲೆ 40 ಮೀಟರ್ ಹತ್ತಿದರೆ ಪ್ರತಿ ಹೆಜ್ಜೆಗೂ ಕುಣಿದು, ಕಲ್ಲಿನ ಅಂಚಿಗೆ ಉಜ್ಜಿ ಹರಿಯಬಹುದು. ಗುಹೆಗೆ ಹೆಚ್ಚು ಜಗ್ಗದ, 9ರಿಂದ 11 ಮಿ.ಮೀ. ದಪ್ಪದ ಸ್ಟ್ಯಾಟಿಕ್ ಹಗ್ಗ ಬೇಕು. ಹೊಸದನ್ನು ಕತ್ತರಿಸುವ ಮೊದಲು ನೆನೆಸಿ ಒಣಗಿಸಿ, ಮೊದಲ ನೆನೆತಕ್ಕೇ ಕುಗ್ಗುತ್ತದೆ. ಎರಡು ಆಧಾರಗಳಿಗೆ ಕಟ್ಟಿ. ಹಗ್ಗ ಕಲ್ಲಿಗೆ ತಾಗುವ ಕಡೆ ಮತ್ತೊಂದು ಆಧಾರ ಹಾಕಿ ದಾರಿ ಬದಲಿಸಿ, ಆಗದಿದ್ದರೆ ಹಗ್ಗಕ್ಕೆ ಕವಚ ತೊಡಿಸಿ. ಕೆಳತುದಿಗೆ ದಪ್ಪ ಗಂಟು ಹಾಕದೆ ಯಾರನ್ನೂ ಇಳಿಸಬೇಡಿ. ಹಗ್ಗ ನೆಲ ಮುಟ್ಟದೆ ಇದ್ದಾಗ ಕತ್ತಲಲ್ಲಿ ತುದಿಯಿಂದ ಜಾರದಂತೆ ತಡೆಯುವುದು ಆ ಗಂಟು ಮಾತ್ರ. ಕೆಸರು ತುಂಬಿದರೆ ಅಸೆಂಡರಿನ (ಹಗ್ಗ ಕಚ್ಚಿ ಹಿಡಿದು ಮೇಲೆ ಹತ್ತಲು ನೆರವಾಗುವ ಸಾಧನ) ಹಲ್ಲು ಹಿಡಿಯುವುದಿಲ್ಲ, ಹಳೆಯ ಹಲ್ಲುಜ್ಜುವ ಬ್ರಷ್ ಜೇಬಿನಲ್ಲಿರಲಿ. ಹತ್ತುತ್ತಿರುವಾಗ ನಡುವೆ ಇಳಿಯುವುದಕ್ಕೆ ಬದಲಾಗುವುದು, ಗಂಟು ದಾಟುವುದು, ಹಗ್ಗದಲ್ಲಿ ಸಿಕ್ಕಿಕೊಂಡವರನ್ನು ಇಳಿಸುವುದು, ಈ ಮೂರನ್ನೂ ನಿಮ್ಮ ಊರಲ್ಲೇ ಬಲ್ಲವರ ಕಣ್ಣೆದುರು ಕಲಿತುಕೊಳ್ಳಿ. ಹಾರ್ನೆಸ್‌ನಲ್ಲಿ (ಸೊಂಟ, ತೊಡೆಗೆ ಕಟ್ಟುವ ಪಟ್ಟಿ) ಅಲುಗಾಡದೆ ನೇತಾಡುವವರ ಜೀವಕ್ಕೆ ಕೆಲವೇ ನಿಮಿಷಗಳಲ್ಲಿ ಅಪಾಯವಾಗಬಹುದು.

ಚಾವಣಿಯ ಬಿರುಕಿನಲ್ಲಿ ಎಲೆ, ಕಡ್ಡಿ ಸಿಕ್ಕಿಕೊಂಡಿದ್ದರೆ ನೀರು ಅಲ್ಲಿಯವರೆಗೂ ಏರಿದೆ ಎಂದರ್ಥ. ಹಳ್ಳದ ನೀರು ಕದಡಿದರೆ, ನೊರೆ ಬಂದರೆ, ಸದ್ದು ಬದಲಾದರೆ ಕೂಡಲೇ ಎತ್ತರಕ್ಕೆ ಹತ್ತಿ. ತುಂಬಿದ ದಾರಿಯಲ್ಲಿ ಈಜಿ ಬರುವ ಸಾಹಸ ಬೇಡ. ಒಣ ಜಾಗದಲ್ಲಿ ಒಬ್ಬರಿಗೊಬ್ಬರು ಒತ್ತಿ ಕೂತು, ಒಂದೇ ದೀಪ ಉರಿಸಿ, ನೀರು ಇಳಿಯುವವರೆಗೆ ಕಾಯಿರಿ. 2018ರಲ್ಲಿ ಥಾಯ್ಲೆಂಡಿನ ಥಾಮ್ ಲುವಾಂಗ್ ಗುಹೆಯಲ್ಲಿ 12 ಹುಡುಗರು ಮತ್ತು ಅವರ ಕೋಚ್ ಎತ್ತರದ ದಿಬ್ಬದಲ್ಲಿ ಕೂತದ್ದರಿಂದಲೇ ಒಂಬತ್ತು ದಿನಗಳ ನಂತರವೂ ಜೀವಂತವಾಗಿ ಸಿಕ್ಕರು.

ಕೊಳೆತ ಕಸ ತುಂಬಿದ ತಗ್ಗಿನಲ್ಲಿ ಇಂಗಾಲದ ಡೈಆಕ್ಸೈಡ್ ಕೂಡುತ್ತದೆ. ಸುಮ್ಮನೆ ನಿಂತಾಗಲೂ ಏದುಸಿರು, ತಲೆನೋವು ಬಂದರೆ ಇಡೀ ತಂಡ ಹೊರಡಬೇಕು. ಲೈಟರ್ ಉರಿಯುತ್ತಿದೆ ಎಂದು ನಂಬಿ ಕೂರಬೇಡಿ. ಅದು ಹೇಳುವುದು ಆಮ್ಲಜನಕದ ಕೊರತೆಯನ್ನು ಮಾತ್ರ.

ಬಾವಲಿಗಳ ಹಿಕ್ಕೆಯ ದೂಳಿನಲ್ಲಿ ಶ್ವಾಸಕೋಶಕ್ಕೆ ತಗಲುವ ಶಿಲೀಂಧ್ರ ಇರಬಹುದು, ಎನ್95 ಮಾಸ್ಕ್ ಹಾಕಿ. ಹಿಂದಿರುಗಿದ ಮೇಲೆ ಎರಡು ಮೂರು ವಾರದೊಳಗೆ ಜ್ವರ, ಕೆಮ್ಮು ಬಂದರೆ ಗುಹೆಗೆ ಹೋಗಿದ್ದನ್ನು ವೈದ್ಯರಿಗೆ ಹೇಳಿ. ಗುಂಪಾಗಿ ನೇತುಬಿದ್ದ ಬಾವಲಿಗಳ ಮೇಲೆ ಬೆಳಕು ಹಾಯಿಸಬೇಡಿ. ರಾಟನ್ ಫ್ರೀ-ಟೇಲ್ಡ್ ಬಾವಲಿ ಭಾರತದಲ್ಲಿ ಬಹುಕಾಲ ನಮ್ಮ ಖಾನಾಪುರ ತಾಲ್ಲೂಕಿನ ಬಾರಪೇಡೆ ಗುಹೆಗಳಲ್ಲಿ ಮಾತ್ರ ಇದೆ ಎಂದು ತಿಳಿದಿದ್ದರು. ಆಮೇಲೆ ಮೇಘಾಲಯದಲ್ಲೂ ಸಿಕ್ಕಿತು. ಬಾರಪೇಡೆ ಇರುವುದು ಭೀಮಗಡ ಅಭಯಾರಣ್ಯದಲ್ಲಿ. ಅದು ಬಾವಲಿಗಳ ಮನೆ, ನಮ್ಮ ಅಭ್ಯಾಸದ ಜಾಗವಲ್ಲ.

ಹೊರಗೆ ಬಂದ ಕೂಡಲೇ, ಚಹಾಕ್ಕಿಂತ ಮೊದಲು, ಚೀಟಿ ಇಟ್ಟುಕೊಂಡವರಿಗೆ ಎಲ್ಲರೂ ಬಂದೆವು ಎಂದು ತಿಳಿಸಿ. ಆಮೇಲೆ ಹಗ್ಗ, ಬೂಟು ತೊಳೆದು ನೆರಳಲ್ಲಿ ಒಣಗಿಸಿ. ನಕ್ಷೆ ಮಾಡಿದ್ದರೆ ಅದರ ಒಂದು ಪ್ರತಿ ರಂಗಬಾ ಶ್ನೋಂಗ್ ಅವರ ಕೈಗೆ ಕೊಟ್ಟೇ ಹೊರಡಿ.