ಅನ್ವಯಿಕ ಗಣಿತಜ್ಞರಾಗುವುದು ಹೇಗೆ: ಉತ್ತರ ಕನ್ನಡದ ವಿದ್ಯಾರ್ಥಿಗಳಿಗೆ

ಕಾರವಾರ, ಕುಮಟಾ, ಶಿರಸಿಯ ಕಾಲೇಜುಗಳಲ್ಲಿ ಗಣಿತವನ್ನು ಪ್ರೀತಿಯಿಂದ ಓದುವ ವಿದ್ಯಾರ್ಥಿಗೆ ಬಿ.ಎಸ್ಸಿ. ಮುಗಿಯುವ ಹೊತ್ತಿಗೆ ಕಣ್ಣಿಗೆ ಬೀಳುವ ದಾರಿಗಳು ಸಾಮಾನ್ಯವಾಗಿ ಎರಡೇ: ಬಿ.ಇಡ್. ಮಾಡಿ ಶಾಲೆ ಸೇರುವುದು, ಇಲ್ಲವೇ ಬೆಂಗಳೂರಿಗೆ ಹೋಗಿ ಸಾಫ್ಟ್‌ವೇರ್ ಕೆಲಸ ಹಿಡಿಯುವುದು. ಎರಡೂ ಗೌರವದ ದಾರಿಗಳೇ. ಸಮುದ್ರ, ನದಿ, ರೋಗ, ಮೀನುಗಾರಿಕೆಗಳ ಪ್ರಶ್ನೆಗಳನ್ನು ಸಮೀಕರಣಗಳಾಗಿ ಬರೆದು ಬಿಡಿಸುವುದನ್ನೇ ಉದ್ಯೋಗವಾಗಿ ಮಾಡಿಕೊಳ್ಳುವ ಮೂರನೆಯ ದಾರಿಯೊಂದಿದೆ. ಈ ಬರಹ ಅದನ್ನು ಹಿಡಿಯಬಯಸುವವರಿಗಾಗಿ. ಅನ್ವಯಿಕ ಗಣಿತಜ್ಞನ ಮುಖ್ಯ ವಿದ್ಯೆ ಸಮೀಕರಣವನ್ನು ಬಿಡಿಸುವುದಲ್ಲ. ಪ್ರಶ್ನೆಯಲ್ಲಿ ಯಾವುದನ್ನು ಇಟ್ಟುಕೊಳ್ಳಬೇಕು, ಯಾವುದನ್ನು ಕೈಬಿಡಬೇಕು ಎಂದು ತೀರ್ಮಾನಿಸುವುದು, ಮತ್ತು ಕೈಬಿಟ್ಟದ್ದಕ್ಕೆ ಲೆಕ್ಕ ಒಪ್ಪಿಸುವುದು ಎಂದು ನಾನು ದೃಢವಾಗಿ ನಂಬಿದ್ದೇನೆ.

ಮೊದಲು ಪ್ರಶ್ನೆ ಕೇಳುವವರ ಜೊತೆ ಕುಳಿತುಕೊಳ್ಳಿ. ಮೊದಲ ಮಹಾಯುದ್ಧದ ವರ್ಷಗಳಲ್ಲಿ ಏಡ್ರಿಯಾಟಿಕ್ ಸಮುದ್ರದ ಮೀನುಗಾರಿಕೆ ಕಡಿಮೆಯಾದಾಗ ಮಾರುಕಟ್ಟೆಗೆ ಬಂದ ಮೀನುಗಳಲ್ಲಿ ಶಾರ್ಕ್‌ನಂಥ ಬೇಟೆಗಾರ ಮೀನುಗಳ ಪಾಲು ಹೆಚ್ಚಿದ್ದುದನ್ನು ಇಟಲಿಯ ಜೀವವಿಜ್ಞಾನಿ ಉಂಬರ್ಟೊ ಡಿ'ಅಂಕೋನಾ ಗಮನಿಸಿದರು. ಅದರ ಕಾರಣವನ್ನು ಅವರು ಕೇಳಿದ್ದು ಗಣಿತಜ್ಞರಾದ ವೀಟೊ ವೋಲ್ಟೆರಾ ಅವರನ್ನು. 1926ರಲ್ಲಿ ವೋಲ್ಟೆರಾ ಪ್ರಕಟಿಸಿದ ಉತ್ತರದಲ್ಲಿ ಇದ್ದದ್ದು ಎರಡೇ ಅವಕಲ ಸಮೀಕರಣಗಳು, ಅಂದರೆ ಬದಲಾವಣೆಯ ದರವನ್ನು ಹೇಳುವ ಸಮೀಕರಣಗಳು. ನೀರಿನ ಉಷ್ಣತೆ, ಪ್ರವಾಹ, ನೂರಾರು ಜಾತಿಯ ಮೀನುಗಳು ಯಾವುವೂ ಅವುಗಳಲ್ಲಿರಲಿಲ್ಲ. ಹಿಡಿಯುವುದು ಕಡಿಮೆಯಾದರೆ ಬೇಟೆಗಾರ ಮೀನುಗಳ ಸರಾಸರಿ ಸಂಖ್ಯೆ ಏರಿ, ಅವುಗಳಿಗೆ ಆಹಾರವಾಗುವ ಮೀನುಗಳ ಸರಾಸರಿ ಇಳಿಯುತ್ತದೆ ಎಂಬುದು ಆ ಎರಡರಿಂದಲೇ ಹೊರಬಂತು. ಮೀನು ಮಾರುಕಟ್ಟೆಯ ಲೆಕ್ಕದ ಪುಸ್ತಕದಿಂದ ಇಂಥ ಗಣಿತ ಹುಟ್ಟಬಹುದಾದರೆ ನಮ್ಮ ಕರಾವಳಿಯಲ್ಲಿ ಪ್ರಶ್ನೆಗಳಿಗೆ ಬರವಿಲ್ಲ.

ಬಿ.ಎಸ್ಸಿ. ಎರಡನೆಯ ವರ್ಷದಲ್ಲಿಯೇ ಮಾಡಬಹುದಾದ ಒಂದು ಅಭ್ಯಾಸವನ್ನು ಇಲ್ಲಿ ವಿವರವಾಗಿ ಹೇಳುತ್ತೇನೆ, ಏಕೆಂದರೆ ಈ ವೃತ್ತಿಯ ಬಹುಪಾಲು ಗುಣ ಅದರಲ್ಲಿ ಅಡಗಿದೆ. ಅಘನಾಶಿನಿಯ ಅಳಿವೆಯ ಬಳಿ, ತದಡಿಯ ದಕ್ಕೆಯಂಥ ಜಾಗದಲ್ಲಿ, ಸಂಬಂಧಪಟ್ಟವರ ಅನುಮತಿ ಪಡೆದು, ಸೆಂಟಿಮೀಟರ್ ಗುರುತು ಹಾಕಿದ ಅಳತೆಪಟ್ಟಿಯೊಂದನ್ನು ನೆಟ್ಟಗೆ ಕಟ್ಟಿರಿ. ಮಳೆಗಾಲ ಬೇಡ, ಡಿಸೆಂಬರ್‌ನಿಂದ ಫೆಬ್ರವರಿವರೆಗಿನ ಶಾಂತ ಸಮುದ್ರ ಈ ಕೆಲಸಕ್ಕೆ ಒಳ್ಳೆಯದು. ಗೆಳೆಯರೆಲ್ಲ ಸರದಿಯ ಮೇಲೆ, ರಾತ್ರಿಯೂ ಬಿಡದೆ, ಗಂಟೆಗೊಮ್ಮೆ ನೀರಿನ ಮಟ್ಟವನ್ನು ಬರೆದುಕೊಳ್ಳಬೇಕು. ಎಷ್ಟು ದಿನ ಎಂಬ ಪ್ರಶ್ನೆಗೆ ಉತ್ತರ ಕೊಡುವುದೂ ಗಣಿತವೇ. ಚಂದ್ರನಿಂದಾಗುವ ಮುಖ್ಯ ಉಬ್ಬರದ ಆವರ್ತ 12.42 ಗಂಟೆ, ಸೂರ್ಯನಿಂದಾಗುವುದರ ಆವರ್ತ 12 ಗಂಟೆ. ಇವೆರಡೂ ಒಮ್ಮೆ ಕೂಡಿ, ಬೇರೆಯಾಗಿ, ಮತ್ತೆ ಕೂಡಲು 14.77 ದಿನ ಬೇಕು. ಅಮಾವಾಸ್ಯೆ ಮತ್ತು ಹುಣ್ಣಿಮೆಯ ಆಸುಪಾಸಿನಲ್ಲಿ ನೀರು ಹೆಚ್ಚು ಏರಿ ಹೆಚ್ಚು ಇಳಿಯುವುದು ಇದೇ ಕಾರಣಕ್ಕೆ. ಆದ್ದರಿಂದ 15 ದಿನಕ್ಕಿಂತ ಕಡಿಮೆ ಅಳತೆಯಲ್ಲಿ ಚಂದ್ರನ ಪಾಲನ್ನೂ ಸೂರ್ಯನ ಪಾಲನ್ನೂ ನಂಬುವಂತೆ ಬೇರ್ಪಡಿಸಲಾಗದು.

ನಮ್ಮ ಪಶ್ಚಿಮ ಕರಾವಳಿಯಲ್ಲಿ ದಿನದ ಎರಡು ಉಬ್ಬರಗಳು ಒಂದೇ ಎತ್ತರದವಲ್ಲ. ಹಾಗಾಗಿ ದಿನಕ್ಕೊಮ್ಮೆ ಬರುವ ಎರಡು ಅಂಶಗಳನ್ನೂ, ಅಂದರೆ 23.93 ಗಂಟೆ ಮತ್ತು 25.82 ಗಂಟೆ ಆವರ್ತದವುಗಳನ್ನೂ, ಸೇರಿಸಿಕೊಳ್ಳಬೇಕು. ಈ ನಾಲ್ಕಕ್ಕೆ ತಲಾ ಒಂದು ಸೈನ್, ಒಂದು ಕೊಸೈನ್, ಅವುಗಳ ಜೊತೆ ಸರಾಸರಿ ಮಟ್ಟ ಸೇರಿ ಒಟ್ಟು 9 ಅಜ್ಞಾತಗಳು. 15 ದಿನದ ಗಂಟೆಗೊಂದು ಅಳತೆಯೆಂದರೆ 360 ಸಮೀಕರಣಗಳು. ವ್ಯತ್ಯಾಸಗಳ ವರ್ಗಗಳ ಮೊತ್ತವನ್ನು ಅತಿ ಕಡಿಮೆ ಮಾಡುವ ಕನಿಷ್ಠ ವರ್ಗ ವಿಧಾನದಿಂದ ಅವನ್ನು ಬಿಡಿಸಲು ಸಾಮಾನ್ಯ ಲ್ಯಾಪ್‌ಟಾಪ್ ಮತ್ತು ಉಚಿತವಾಗಿ ಸಿಗುವ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ಸಾಕು. ಭೌತವಿಜ್ಞಾನಿ ಲಾರ್ಡ್ ಕೆಲ್ವಿನ್ 1870ರ ದಶಕದಲ್ಲಿ ಇಂಥ ಅಂಶಗಳನ್ನು ಕೂಡಿಸಿ ಉಬ್ಬರದ ಮುನ್ಸೂಚನೆ ಕೊಡಲು ಗಾಲಿ ಮತ್ತು ಹಗ್ಗಗಳ ಯಂತ್ರವನ್ನೇ ಮಾಡಿಸಬೇಕಾಗಿತ್ತು.

ಉತ್ತರ ಬಂದ ಮೇಲೆ ನಿಜವಾದ ಕೆಲಸ ಆರಂಭವಾಗುತ್ತದೆ. ಅಳೆದ ಮಟ್ಟದಿಂದ ಲೆಕ್ಕದ ಮಟ್ಟವನ್ನು ಕಳೆದು, ಉಳಿದದ್ದನ್ನು ಗ್ರಾಫ್ ಮೇಲೆ ಬರೆಯಿರಿ. ಆ ಉಳಿಕೆಯಲ್ಲಿ ಗಾಳಿಯೂ ವಾಯುಭಾರವೂ ಇರುತ್ತವೆ; ವಾಯುಭಾರ ಒಂದು ಮಿಲಿಬಾರ್ ಕುಸಿದರೆ ಸಮುದ್ರ ಸುಮಾರು ಒಂದು ಸೆಂಟಿಮೀಟರ್ ಏರುತ್ತದೆ. ಉಳಿಕೆಯಲ್ಲಿ ಸುಮಾರು ಆರು ಗಂಟೆಗೊಮ್ಮೆ ಏರಿಳಿತ ಕಂಡರೆ, ಅಳಿವೆಯ ಆಳ ಕಡಿಮೆಯಿರುವ ಕಡೆ ಉಬ್ಬರದ ಅಲೆ ತನ್ನ ಆಕಾರ ಕಳೆದುಕೊಳ್ಳುತ್ತಿರುವುದರ ಸೂಚನೆಯದು. ನಂತರ ಎರಡನೆಯ ಅಳತೆಪಟ್ಟಿಯನ್ನು ಮಿರ್ಜಾನಿನ ಕಡೆ, ಹೊಳೆಯ ಒಳಭಾಗದಲ್ಲಿ ಇಡಿ. ಆಳವನ್ನು ಗುರುತ್ವ ವೇಗೋತ್ಕರ್ಷದಿಂದ ಗುಣಿಸಿ ವರ್ಗಮೂಲ ತೆಗೆದರೆ ಉಬ್ಬರದ ಅಲೆಯ ವೇಗ ಸಿಗುತ್ತದೆ. 4 ಮೀಟರ್ ಆಳಕ್ಕೆ ಅದು ಸೆಕೆಂಡಿಗೆ ಸುಮಾರು 6.3 ಮೀಟರ್, ಅಂದರೆ 10 ಕಿಲೋಮೀಟರ್ ದೂರಕ್ಕೆ ಸುಮಾರು 27 ನಿಮಿಷ. ಎರಡು ಪಟ್ಟಿಗಳ ನಡುವೆ ನೀವು ಅಳೆದ ವಿಳಂಬ ಇದಕ್ಕೆ ಹೊಂದದಿದ್ದರೆ ತಳದ ಘರ್ಷಣೆಯನ್ನು ಲೆಕ್ಕಕ್ಕೆ ತನ್ನಿ. ದೊಡ್ಡ ಅಣೆಕಟ್ಟುಗಳಿರುವ ಕಾಳಿಯನ್ನು ಬಿಟ್ಟು ಅಘನಾಶಿನಿಯನ್ನು ಆರಿಸಿಕೊಂಡದ್ದು ಈ ಕಾರಣಕ್ಕೇ: ಇಲ್ಲಿ ಮನುಷ್ಯರು ನೀರು ಬಿಡುವ ವೇಳಾಪಟ್ಟಿ ಉಳಿಕೆಯೊಳಗೆ ಬೆರೆಯುವುದಿಲ್ಲ. ಫಲಿತಾಂಶವನ್ನು ಉಪ್ಪುನೀರು ನುಗ್ಗುವ ಗಜನಿ ಗದ್ದೆಗಳಲ್ಲಿ ಕಗ್ಗ ಭತ್ತ ಬೆಳೆಯುವವರಿಗೂ ಬೆಳಚು ಎಂಬ ಚಿಪ್ಪುಜೀವಿಗಳನ್ನು ತೆಗೆಯುವವರಿಗೂ ತೋರಿಸಿ. ನೀವು ಲೆಕ್ಕಹಾಕಿದ ಉಬ್ಬರದ ಸಮಯ ಎಲ್ಲಿ ತಪ್ಪಿದೆ ಎಂದು ಅವರು ಹೇಳುವ ಮಾತನ್ನು ಅಳತೆಯಷ್ಟೇ ಗಂಭೀರವಾಗಿ ಬರೆದುಕೊಳ್ಳಿ.

ಈ ಅಭ್ಯಾಸಕ್ಕೆ ಬೇಕಾದದ್ದೇ ಓದಿಗೂ ಬೇಕು: ರೇಖೀಯ ಬೀಜಗಣಿತ, ಅವಕಲ ಸಮೀಕರಣಗಳು, ಸಂಭಾವ್ಯತೆ, ಸಂಖ್ಯಾತ್ಮಕ ವಿಧಾನಗಳು. ನೈಜ ವಿಶ್ಲೇಷಣೆ (ರಿಯಲ್ ಅನಾಲಿಸಿಸ್) ಅನ್ವಯಕ್ಕೆ ಬೇಡವೆಂದು ತಳ್ಳಿಹಾಕುವುದು ದೊಡ್ಡ ನಷ್ಟ. ಕಂಪ್ಯೂಟರ್ ಕೊಟ್ಟ ಸಂಖ್ಯೆ ನಿಜವಾದ ಉತ್ತರದತ್ತ ಸಾಗುತ್ತಿದೆಯೇ ಎಂದು ತಿಳಿಯಲು ಬೇರೆ ಉಪಾಯವಿಲ್ಲ. ಭೌತಶಾಸ್ತ್ರವನ್ನು ಪದವಿಯ ಕೊನೆಯವರೆಗೂ ಬಿಡಬೇಡಿ.

ಈ ವೃತ್ತಿಯ ಜೀವನ ಹೇಗಿರುತ್ತದೆಂದು ತಿಳಿಯಲು ಗಣಿತಜ್ಞ ಪಿ. ಎಲ್. ಭಟ್ನಾಗರ್ ಅವರ ಬದುಕನ್ನು ಗಮನಿಸಬಹುದು. 1912ರಲ್ಲಿ ರಾಜಸ್ಥಾನದ ಕೋಟಾದಲ್ಲಿ ಹುಟ್ಟಿದ ಅವರು ದೆಹಲಿಯಲ್ಲಿ ಬೋಧಿಸಿ, ನಕ್ಷತ್ರಗಳ ಕುರಿತು ಸಂಶೋಧಿಸಿ, ಹಾರ್ವರ್ಡ್‌ಗೆ ಹೋದರು. ಅನಿಲದ ಕಣಗಳ ಡಿಕ್ಕಿಗಳನ್ನು ವಿವರಿಸುವ ಬೋಲ್ಟ್ಸ್‌ಮನ್ ಸಮೀಕರಣದ ಅತಿ ಕ್ಲಿಷ್ಟ ಭಾಗವನ್ನು ತೆಗೆದು, ಅನಿಲ ನಿರ್ದಿಷ್ಟ ವೇಗದಲ್ಲಿ ಸಮತೋಲನದ ಕಡೆಗೆ ಮರಳುತ್ತದೆ ಎಂಬ ಸರಳ ಪದವೊಂದನ್ನು ಅವರು, ಗ್ರಾಸ್ ಮತ್ತು ಕ್ರೂಕ್ 1954ರಲ್ಲಿ ಅಲ್ಲಿಟ್ಟರು. ಮೂವರ ಹೆಸರಿನ ಮೊದಲಕ್ಷರಗಳಿಂದ ಬಿಜಿಕೆ ಎಂದು ಕರೆಯುವ ಆ ಮಾದರಿ ದಶಕಗಳ ನಂತರ ಕಂಪ್ಯೂಟರಿನಲ್ಲಿ ದ್ರವಗಳ ಹರಿವನ್ನು ಲೆಕ್ಕಹಾಕುವ ವಿಧಾನವೊಂದಕ್ಕೆ ತಳಹದಿಯಾಯಿತು. 1956ರಲ್ಲಿ ಭಟ್ನಾಗರ್ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದು ಅನ್ವಯಿಕ ಗಣಿತ ವಿಭಾಗವನ್ನು ಕಟ್ಟಿದರು. ಸರಳಗೊಳಿಸುವ ಧೈರ್ಯವೇ ಅವರ ಕೊಡುಗೆಯೆಂದು ನನಗನ್ನಿಸುತ್ತದೆ. ವಸ್ತುವಿನ ಸಂರಕ್ಷಣಾ ನಿಯಮಗಳನ್ನು ಮುರಿಯದೆ ಸರಳಗೊಳಿಸಿದರೆಂಬುದು ಆ ಧೈರ್ಯಕ್ಕೆ ಬೆಲೆ ತಂದಿದೆ.

ಪದವಿಯ ನಂತರ ಎಂ.ಎಸ್ಸಿ.ಗೆ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯವಿದೆ. ಐಐಟಿಗಳಿಗೆ ಹೋಗಲು ಎಂ.ಎಸ್ಸಿ. ಪ್ರವೇಶಕ್ಕಾಗಿ ನಡೆಯುವ ಜ್ಯಾಮ್ ಪರೀಕ್ಷೆ ಬರೆಯಬೇಕು. ಬೆಂಗಳೂರಿನಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಅನ್ವಯಿಕ ಗಣಿತ ಕೇಂದ್ರವಿದ್ದು, ಅದಕ್ಕೆ ಬೇರೆಯೇ ಪ್ರವೇಶ ಪರೀಕ್ಷೆಯಿದೆ. ಪದವಿ ಓದುವಾಗಲೇ ಎಂಟಿಟಿಎಸ್ ಎಂಬ ಗಣಿತದ ಬೇಸಿಗೆ ತರಬೇತಿ ಶಿಬಿರಕ್ಕೆ ಅರ್ಜಿ ಹಾಕಿ. 1993ರಿಂದ ನಡೆಯುತ್ತಿರುವ ಅದು ಸಣ್ಣ ಊರಿನ ವಿದ್ಯಾರ್ಥಿಗೆ ತಾನೇ ಯೋಚಿಸಿ ಸಾಧಿಸುವುದನ್ನು ಕಲಿಸುತ್ತದೆ. ಸಂಶೋಧನೆಗೆ ಸಿಎಸ್ಐಆರ್ ನೆಟ್ ಎಂಬ ರಾಷ್ಟ್ರೀಯ ಅರ್ಹತಾ ಪರೀಕ್ಷೆಯಲ್ಲಿ ಜೆಆರ್‌ಎಫ್ (ಕಿರಿಯ ಸಂಶೋಧನಾ ಶಿಷ್ಯವೇತನ) ಸಿಕ್ಕರೆ, 2023ರ ಪರಿಷ್ಕರಣೆಯಂತೆ ತಿಂಗಳಿಗೆ 37,000 ರೂಪಾಯಿ ಬರುತ್ತದೆ. ಓದು ಮುಂದುವರಿಸುವ ಬಗ್ಗೆ ಮನೆಯವರೊಂದಿಗೆ ಮಾತಾಡುವಾಗ ಈ ಅಂಶವನ್ನು ಮರೆಯದೆ ಹೇಳಿ.

ಉದ್ಯೋಗ ವಿಶ್ವವಿದ್ಯಾಲಯದಲ್ಲಷ್ಟೇ ಇಲ್ಲ. ಕಾರವಾರದಿಂದ ಹತ್ತಿರದಲ್ಲೇ, ಗೋವಾದ ದೋನಾ ಪಾವ್ಲಾದಲ್ಲಿ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆಯಿದೆ. ಸಾಗರದ ಮುನ್ಸೂಚನೆ ನೀಡುವ ಇನ್ಕಾಯ್ಸ್ ಎಂಬ ಸರ್ಕಾರಿ ಕೇಂದ್ರ ಹೈದರಾಬಾದಿನಲ್ಲಿದೆ. ವಿಮಾನಗಳ ಸುತ್ತಲಿನ ಗಾಳಿಯ ಹರಿವನ್ನು ಲೆಕ್ಕಹಾಕುವವರು ಬೆಂಗಳೂರಿನ ಎನ್‌ಎಎಲ್ ಎಂಬ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯದಲ್ಲಿದ್ದಾರೆ. ಇಲ್ಲೆಲ್ಲ ದಿನದ ಹೆಚ್ಚಿನ ಹೊತ್ತು ಬೇರೆ ಶಾಸ್ತ್ರದವರ ಮಾತು ಕೇಳುವುದರಲ್ಲಿ, ಹೆಚ್ಚು ಅಂತರಗಳಿರುವ ದತ್ತಾಂಶವನ್ನು ಸರಿಪಡಿಸುವುದರಲ್ಲಿ, ಪ್ರೋಗ್ರಾಮಿನ ತಪ್ಪು ಹುಡುಕುವುದರಲ್ಲಿ ಕಳೆಯುತ್ತದೆ. ಸಂದರ್ಶನಕ್ಕೆ ಹೋಗುವಾಗ ಅಂಕಪಟ್ಟಿಯ ಜೊತೆ ತದಡಿಯ ಅಳತೆಗಳ ಮೂಲ ಪುಸ್ತಕ, ಅವನ್ನು ಬಿಡಿಸಿದ ಪ್ರೋಗ್ರಾಮು ಮತ್ತು ಉಳಿಕೆಯ ಗ್ರಾಫನ್ನು ಒಯ್ಯಿರಿ. ಲೆಕ್ಕ ಎಲ್ಲಿ ಹೊಂದಲಿಲ್ಲ, ಏಕೆ ಹೊಂದಲಿಲ್ಲ ಎಂಬುದನ್ನು ಕೇಳುವ ಮೊದಲೇ ನೀವಾಗಿ ವಿವರಿಸಿ.