ಸಬ್‌ಮೆರಿನ್‌ಗೆ ನೀರು ನುಗ್ಗಿದಾಗ: ಮೊದಲು ಆಳ, ಆಮೇಲೆ ಪಂಪ್

ಕಕ್ಕಡ (ಆಟಿ) ತಿಂಗಳ ಮಳೆಗೆ ಶಾಲೆಗಳಿಗೆ ರಜೆ ಸಿಕ್ಕ ದಿನ, ಕರೆಂಟ್ ಇದ್ದಷ್ಟು ಹೊತ್ತು, ಕೊಡಗಿನ ಕೆಲವು ಮನೆಗಳಲ್ಲಾದರೂ ಅಟ್ಲಾಂಟಿಕ್ ಸಾಗರದ ಯುದ್ಧ ನಡೆಯುತ್ತಿರುತ್ತದೆ. ಕಡಲೇ ಇಲ್ಲದ ಜಿಲ್ಲೆಯಲ್ಲಿ ಸಬ್‌ಮೆರಿನ್ ಆಟಗಳಿಗೆ ಇಷ್ಟು ಒಲವು ಏಕೋ, ಸೇನೆಯ ಗಾಳಿ ಇಲ್ಲಿ ಮೊದಲಿನಿಂದಲೂ ಬೀಸುತ್ತಿರುವುದರಿಂದ ಇರಬಹುದು. 2005ರ ‘ಸೈಲೆಂಟ್ ಹಂಟರ್ 3’ ಹಳೆಯ ಕಂಪ್ಯೂಟರಿನಲ್ಲೂ ಓಡುತ್ತದೆ. ‘ಯುಬೋಟ್’ 2019ರಲ್ಲಿ ಆರಂಭಿಕ ರೂಪದಲ್ಲಿ, 2024ರಲ್ಲಿ ಪೂರ್ಣ ರೂಪದಲ್ಲಿ ಬಂದ ಆಟ. ಎರಡರಲ್ಲೂ ನಾವು ನಡೆಸುವುದು ಎರಡನೇ ಮಹಾಯುದ್ಧದ ಜರ್ಮನ್ ಸಬ್‌ಮೆರಿನ್, ಹೆಚ್ಚಾಗಿ ಟೈಪ್ 7ಸಿ: ಸುಮಾರು 67 ಮೀಟರ್ ಉದ್ದ, ಐವತ್ತರ ಆಸುಪಾಸು ಸಿಬ್ಬಂದಿ. ಸಬ್‌ಮೆರಿನ್ ಬೇಟೆಗೆ ಬಂದ ಯುದ್ಧನೌಕೆ, ಅಂದರೆ ಡೆಸ್ಟ್ರಾಯರ್, ನೆತ್ತಿಯ ಮೇಲೆ ಬಂದು ನೀರಿನಡಿ ಸಿಡಿಯುವ ಡೆಪ್ತ್ ಚಾರ್ಜ್ ಬಾಂಬ್ ಸುರಿದು ಹೋಗಿದೆ, ಎರಡು ವಿಭಾಗಗಳಲ್ಲಿ ನೀರು ಏರುತ್ತಿದೆ ಎಂದುಕೊಳ್ಳಿ. ಮುಂದೇನು?

ಮೊದಲು ಆಟದ ಕಾಲವೇಗವನ್ನು ಸಾಮಾನ್ಯಕ್ಕೆ ಇಳಿಸಿ. ನಂತರ ಆಳಮಾಪಕ ನೋಡಿ. ಹೆಚ್ಚಿನವರು ನೀಲಿ ಬಣ್ಣ ಏರುತ್ತಿರುವ ವಿಭಾಗದ ಚಿತ್ರವನ್ನೇ ದಿಟ್ಟಿಸುತ್ತಾ ಕೂರುತ್ತಾರೆ. ಅಷ್ಟರಲ್ಲಿ ಮುಳ್ಳು 120ರಿಂದ 160ಕ್ಕೆ ಜಾರಿರುತ್ತದೆ. ಸಬ್‌ಮೆರಿನ್ ನಿಂತಲ್ಲೇ ಇದೆಯೇ, ಇಳಿಯುತ್ತಿದೆಯೇ, ಎಷ್ಟು ಬೇಗ ಇಳಿಯುತ್ತಿದೆ ಎಂಬ ಪ್ರಶ್ನೆಗೆ ಉತ್ತರ ಸಿಕ್ಕ ಮೇಲೆಯೇ ಉಳಿದದ್ದು.

ಆಳ ಏಕೆ ಅಷ್ಟು ಮುಖ್ಯ

ತೂತಿನಿಂದ ನುಗ್ಗುವ ನೀರಿನ ವೇಗ ಆಳದ ವರ್ಗಮೂಲವನ್ನು ಅನುಸರಿಸುತ್ತದೆ. 100 ಮೀಟರ್ ಆಳದಲ್ಲಿ ಅದು ಸೆಕೆಂಡಿಗೆ ಸುಮಾರು 44 ಮೀಟರ್. 25 ಮೀಟರಿಗೆ ಏರಿದರೆ ಅದರ ಅರ್ಧ. ಕೇವಲ ಒಂದು ಚದರ ಸೆಂಟಿಮೀಟರ್ ತೂತಾದರೂ 100 ಮೀಟರ್ ಆಳದಲ್ಲಿ ಗಂಟೆಗೆ ಒಂಬತ್ತು ಟನ್ನಿಗೂ ಹೆಚ್ಚು ನೀರು ಒಳಗೆ ಬರುತ್ತದೆ. ನೀರು ಬಂದಷ್ಟೂ ಭಾರ, ಭಾರ ಹೆಚ್ಚಿದಷ್ಟೂ ಆಳ, ಆಳ ಹೆಚ್ಚಿದಷ್ಟೂ ನೀರು. ಈ ಸುಳಿಗೆ ಸಿಕ್ಕವರು ಸಾಮಾನ್ಯವಾಗಿ ಹೊರಬರುವುದಿಲ್ಲ.

ಪಂಪ್ ಇದೆಯಲ್ಲ ಎನ್ನಬಹುದು. ಕಾಫಿ ಹೂ ಅರಳಿಸುವ ಹೂಮಳೆ ಕೈಕೊಟ್ಟ ವರ್ಷ ಕೆರೆಯಿಂದ ಕಾಫಿ ತೋಟಕ್ಕೆ ಸ್ಪ್ರಿಂಕ್ಲರ್ ಹಾಕಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ: ಕೆರೆಯ ಪಕ್ಕದ ಗಿಡಗಳಿಗೆ ಧಾರಾಳವಾಗಿ ಎರಚುವ ಪಂಪ್‌ಸೆಟ್, ಪೈಪನ್ನು ಗುಡ್ಡದ ನೆತ್ತಿಗೆ ಏರಿಸಿದ ಕೂಡಲೇ ಸೊರಗುತ್ತದೆ. ಹೆಡ್, ಅಂದರೆ ನೀರು ಏರಿಸಬೇಕಾದ ಎತ್ತರ, ಹೆಚ್ಚಿದರೆ ನೀರು ಕಡಿಮೆ. 100 ಮೀಟರ್ ಆಳದ ಸಬ್‌ಮೆರಿನ್ನಿನ ಪಂಪ್ ಕೂಡ ಹೊರಗಿನ ಒತ್ತಡದ ವಿರುದ್ಧ ಅಷ್ಟೇ ಎತ್ತರಕ್ಕೆ ನೀರು ತಳ್ಳಬೇಕು. ಅಂದರೆ ಆಳದಲ್ಲಿ ಒಳಗೆ ಬರುವುದು ಹೆಚ್ಚು, ಹೊರಗೆ ಹೋಗುವುದು ಕಡಿಮೆ. ನೀರು ತೆಗೆದು ಮೇಲೇಳುತ್ತೇನೆ ಎನ್ನುವುದಕ್ಕಿಂತ, ಮೇಲೆದ್ದು ನೀರು ತೆಗೆಯುತ್ತೇನೆ ಎನ್ನುವುದೇ ಲೇಸು.

ಮೇಲೇಳುವುದು

ಮೋಟಾರು ಸರಿಯಾಗಿದ್ದರೆ ಮುಂದಕ್ಕೆ ವೇಗ ಕೊಟ್ಟು, ಹೈಡ್ರೋಪ್ಲೇನ್‌ಗಳನ್ನು (ಪಕ್ಕಗಳ ಅಡ್ಡ ರೆಕ್ಕೆಗಳನ್ನು) ಮೇಲ್ಮುಖವಾಗಿಸಿ. ನಿಂತ ಸಬ್‌ಮೆರಿನ್ನಿನಲ್ಲಿ ಈ ರೆಕ್ಕೆಗಳಿಂದ ಪ್ರಯೋಜನವಿಲ್ಲ. ನೀರು ಹರಿದರೆ ಮಾತ್ರ ಅವು ಎತ್ತುತ್ತವೆ. ಮೂತಿ ತೀರಾ ಕೆಳಕ್ಕೆ ಬಾಗಿದ್ದರೆ ಮಾತ್ರ ಎಚ್ಚರ. ಆಗ ಮುಂದಕ್ಕೆ ಹೋದಷ್ಟೂ ನೀವೇ ತಳಕ್ಕೆ ಓಡಿಸಿಕೊಂಡು ಹೋದಂತೆ. ಎಂಜಿನ್ ಹಿಂದಕ್ಕೆ ಹಾಕಿ ನೋಡಿ. ಬ್ಯಾಟರಿಯ ಮೇಲೂ ಕಣ್ಣಿರಲಿ: ಟೈಪ್ 7ಸಿ ನೀರಿನಡಿ 4 ನಾಟ್ (ಗಂಟೆಗೆ 4 ನಾಟಿಕಲ್ ಮೈಲು) ವೇಗದಲ್ಲಿ 80 ನಾಟಿಕಲ್ ಮೈಲು ಸಾಗಬಲ್ಲದು, ಆದರೆ ಪೂರ್ಣ ವೇಗಕ್ಕೆ ಬ್ಯಾಟರಿ ಬಹಳ ಬೇಗ ಬರಿದಾಗುತ್ತದೆ.

ಇಷ್ಟಕ್ಕೂ ಇಳಿಯುವುದು ನಿಲ್ಲದಿದ್ದರೆ ಸಂಕುಚಿತ ಗಾಳಿ. ಮುಳುಗಲೆಂದು ನೀರು ತುಂಬಿಸಿಕೊಳ್ಳುವ ಬ್ಯಾಲಾಸ್ಟ್ ಟ್ಯಾಂಕಿನಿಂದ ಆ ನೀರನ್ನು ಹೊರದಬ್ಬುವ ಈ ಗಾಳಿಯ ಲೆಕ್ಕವೂ ಆಳದ ಲೆಕ್ಕವೇ. 100 ಮೀಟರ್ ಆಳದಲ್ಲಿ ಒತ್ತಡ ಮೇಲ್ಮೈಯ ಸುಮಾರು ಹನ್ನೊಂದು ಪಟ್ಟು. ಅಷ್ಟೇ ನೀರು ಹೊರಹಾಕಲು ಗಾಳಿಯೂ ಹನ್ನೊಂದು ಪಟ್ಟು ಬೇಕು. 200 ಮೀಟರಿನಲ್ಲಿ ಇಪ್ಪತ್ತೊಂದು ಪಟ್ಟು. ಆದ್ದರಿಂದ ಗಾಳಿ ಬಳಸುವ ನಿರ್ಧಾರವನ್ನು 230 ಮೀಟರಿನವರೆಗೆ ಮುಂದೂಡುವವರು ಜಿಪುಣರಲ್ಲ, ದುಂದುಗಾರರು. ಇನ್ನೊಂದು ತೊಡಕಿದೆ: ಮೇಲೇರಿದಂತೆ ಟ್ಯಾಂಕಿನಲ್ಲಿರುವ ಗಾಳಿ ಹಿಗ್ಗಿ ಇನ್ನಷ್ಟು ನೀರನ್ನು ತಳ್ಳುತ್ತದೆ, ಸಬ್‌ಮೆರಿನ್ ಹತೋಟಿ ಮೀರಿ ಚಿಮ್ಮುತ್ತದೆ. ಡೆಸ್ಟ್ರಾಯರ್ ಕಾದು ನಿಂತಿದ್ದರೆ ಅದರ ತೋಪಿನ ಬಾಯಿಗೇ ಹೋಗಿ ನಿಲ್ಲುತ್ತೀರಿ. ಆಟ ಅವಕಾಶ ಕೊಟ್ಟರೆ ಸ್ವಲ್ಪ ಸ್ವಲ್ಪವೇ ಬಿಡಿ, ಇಳಿತ ನಿಂತೊಡನೆ ನಿಲ್ಲಿಸಿ.

ಕಡಲತಳ ಹತ್ತಿರವಿದ್ದರೆ ಇಷ್ಟೆಲ್ಲ ಒದ್ದಾಟ ಬೇಡ. ಉತ್ತರ ಸಮುದ್ರದ ಸರಾಸರಿ ಆಳ 100 ಮೀಟರಿಗಿಂತ ಕಡಿಮೆ. ಮೆಲ್ಲನೆ ತಳಕ್ಕೆ ಕುಳಿತು, ಮೋಟಾರು ನಿಲ್ಲಿಸಿ, ನೆಮ್ಮದಿಯಾಗಿ ದುರಸ್ತಿ ಮಾಡಬಹುದು. ನಡು ಅಟ್ಲಾಂಟಿಕ್‌ನಲ್ಲಿ ತಳ ಕಿಲೋಮೀಟರುಗಟ್ಟಲೆ ಕೆಳಗಿದೆ.

ತೂತು ಮುಚ್ಚುವುದು

ದುರಸ್ತಿ ತಂಡವನ್ನು ಎಲ್ಲ ವಿಭಾಗಗಳಿಗೂ ಹಂಚಬೇಡಿ. ನೀರು ಅತಿ ವೇಗವಾಗಿ ಏರುತ್ತಿರುವ ಒಂದು ಜಾಗಕ್ಕೆ ಎಲ್ಲರನ್ನೂ ಕಳುಹಿಸಿ, ಅದು ನಿಂತ ಮೇಲೆ ಮುಂದಿನದು. ಎರಡು ಕಡೆ ಸಮನಾಗಿ ಏರುತ್ತಿದ್ದರೆ ನನ್ನ ಆಯ್ಕೆ ಬ್ಯಾಟರಿ ಮತ್ತು ಮೋಟಾರು ಇರುವ ಕಡೆ. ಟಾರ್ಪಿಡೊ ಕೋಣೆ ಕಾಯಲಿ. ನಿಜವಾದ ಸಬ್‌ಮೆರಿನ್‌ಗಳಲ್ಲಿ ಸಮುದ್ರದ ಉಪ್ಪುನೀರು ಬ್ಯಾಟರಿಗೆ ತಗುಲಿದರೆ ಕ್ಲೋರಿನ್ ವಿಷಾನಿಲ ಏಳುತ್ತಿತ್ತು.

ಸೈಲೆಂಟ್ ಹಂಟರ್ 3ರಲ್ಲಿ ಅನೇಕರನ್ನು ಮುಳುಗಿಸುವ ಒಂದು ಗುಂಡಿಯಿದೆ: ಸೈಲೆಂಟ್ ರನ್ನಿಂಗ್. ಸದ್ದು ಮಾಡದೆ ಸಾಗುವ ಈ ಆದೇಶ ಜಾರಿಯಲ್ಲಿರುವಷ್ಟು ಹೊತ್ತು ಸಿಬ್ಬಂದಿ ದುರಸ್ತಿಗೂ ಕೈ ಹಾಕುವುದಿಲ್ಲ. ತಂಡವನ್ನು ಕಳುಹಿಸಿದ್ದೇನೆ, ಆದರೂ ನೀರು ಏರುತ್ತಿದೆ ಎಂದು ಗೊಣಗುವ ಮುನ್ನ ಅದನ್ನು ತೆಗೆದಿದ್ದೀರಾ ನೋಡಿ. ಸದ್ದಾಗುತ್ತದೆ, ನಿಜ. ಯುದ್ಧಕಾಲದ ಕ್ಯಾಪ್ಟನ್‌ಗಳು ಡೆಪ್ತ್ ಚಾರ್ಜ್ ಸಿಡಿಯುವ ಹೊತ್ತಿಗೇ ಪಂಪ್ ಓಡಿಸಿ, ವೇಗ ಹೆಚ್ಚಿಸಿ, ಮೇಲೆ ಸದ್ದು ಅಡಗುವಷ್ಟರಲ್ಲಿ ತಾವೂ ಸುಮ್ಮನಾಗುತ್ತಿದ್ದರು.

ವಿಭಾಗಗಳ ನಡುವಿನ ಬಾಗಿಲು ಮುಚ್ಚಲು ಆಟ ಬಿಟ್ಟರೆ ಹಿಂಜರಿಯಬೇಡಿ. 1939ರ ಮೇ ತಿಂಗಳಲ್ಲಿ ಅಮೆರಿಕದ ಸಬ್‌ಮೆರಿನ್ ‘ಸ್ಕ್ವಾಲಸ್’ ಪರೀಕ್ಷಾ ಮುಳುಗಿನ ವೇಳೆ ಗಾಳಿ ಎಳೆದುಕೊಳ್ಳುವ ಕವಾಟದಿಂದ ನೀರು ನುಗ್ಗಿ ತಳ ಸೇರಿತು. ಹಿಂಬದಿಯ 26 ಮಂದಿ ಸತ್ತರು. ನಡುವಿನ ಬಾಗಿಲು ಮುಚ್ಚಿದ್ದರಿಂದ ಮುಂಭಾಗದ 33 ಮಂದಿ ಬದುಕುಳಿದು, ಮೇಲಿಂದ ಇಳಿಸಿದ ಗಂಟೆಯಾಕಾರದ ರಕ್ಷಣಾ ಕೋಣೆಯ ಮೂಲಕ ಹೊರಬಂದರು. ಇಂಥ ಬಾಗಿಲುಗಳು ಎಷ್ಟು ಇಕ್ಕಟ್ಟು ಎಂದು ನೋಡಬೇಕಿದ್ದರೆ ವಿಶಾಖಪಟ್ಟಣದ ಕಡಲತೀರದಲ್ಲಿ 2002ರಿಂದ ಮ್ಯೂಸಿಯಂ ಆಗಿರುವ ಸಬ್‌ಮೆರಿನ್ ‘ಐಎನ್‌ಎಸ್ ಕುರ್ಸುರಾ’ದೊಳಗೆ ನಡೆದು ಬನ್ನಿ.

ಮೇಲೆ ಬಂದ ಮೇಲೆ

ಡೀಸೆಲ್ ಎಂಜಿನ್ ಚಾಲು ಮಾಡಿ, ಬ್ಯಾಟರಿ ಮತ್ತು ಗಾಳಿಯನ್ನು ತುಂಬಿಸಿಕೊಳ್ಳಿ, ದಣಿದವರನ್ನು ಮಲಗಲು ಕಳುಹಿಸಿ. ಸೈಲೆಂಟ್ ಹಂಟರ್ 3ರಲ್ಲಿ ಯಂತ್ರಗಳು ಸಮುದ್ರದಲ್ಲೇ ದುರಸ್ತಿಯಾದರೂ ಹೊರಕವಚದ ಪೆಟ್ಟು ಬಂದರಿಗೆ ಹೋಗುವವರೆಗೆ ವಾಸಿಯಾಗುವುದಿಲ್ಲ. ಮೊದಲು 200 ಮೀಟರ್ ತಾಳಿದ್ದು ಈಗ 120ಕ್ಕೇ ನಜ್ಜುಗುಜ್ಜಾಗಬಹುದು. ಟಾರ್ಪಿಡೊ ಇನ್ನೂ ಉಳಿದಿವೆ ಎಂದು ಮತ್ತೊಂದು ಕಾನ್ವಾಯ್ (ಶತ್ರು ಹಡಗುಗಳ ಸಾಲು) ಹುಡುಕಬೇಡಿ. ಆಟವನ್ನು ಸೇವ್ ಮಾಡುವುದೂ ಈಗಲೇ: ಈ ಆಟದಲ್ಲಿ ನೀರಿನಡಿ, ಶತ್ರು ಹಡಗುಗಳ ನಡುವೆ ಸೇವ್ ಮಾಡಿದ ಕಡತ ಮತ್ತೆ ತೆರೆಯದೆ ಕಾಡಿಸುವುದುಂಟು. ಮಳೆಗಾಲದ ಕರೆಂಟ್ ನಂಬಿ ಕೂತಿರುವವರು ಯುಪಿಎಸ್ ಇಲ್ಲದೆ ಡೆಸ್ಟ್ರಾಯರ್ ಕೆಣಕದಿರುವುದು ವಾಸಿ.